ಬ್ಯಾಕಪ್ ಇದ್ದರೆ ಸಾಲದು

ಸೊರಬ ತಾಲ್ಲೂಕಿನ ಕುಬಟೂರಿನ ರೈತನಿಗೆ ಬೆಳೆಸಾಲ ಬೇಕೆಂದರೆ ಪಹಣಿ ಬೇಕು. 2000ದಲ್ಲಿ ಬಂದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಇಂಥ ದಾಖಲೆಗಳಿಗೆ ಬ್ಯಾಕಪ್ ಇರಲೇಬೇಕು. ಅದು ಮರಳಿ ತೆರೆದುಕೊಳ್ಳಲೂ ಬೇಕು.

ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ಎಡವುವುದು ಇಲ್ಲಿಯೇ. ತಾವೇ ಬರೆದ ಒಂದು ಫಂಕ್ಷನ್ ಇನ್ನೊಂದನ್ನು ಬರೀ ಹೆಸರಿನಿಂದ ಕರೆಯುತ್ತದೆ, ಅದಿರುವ ಸ್ಕೀಮಾ ಯಾವುದೆಂದು ಹೇಳುವುದಿಲ್ಲ. ಊರ ಹೆಸರಿಲ್ಲದ ಕಾಗದದ ಹಾಗೆ. ದಿನನಿತ್ಯ ಅದು ಹೇಗೋ ತಲುಪುತ್ತದೆ. ಆದರೆ 2018ರಿಂದ ಸುರಕ್ಷತೆಗಾಗಿ, ಬ್ಯಾಕಪ್ ಮರಳಿ ತುಂಬುವಾಗ ಹುಡುಕುವ ಹಾದಿ ಖಾಲಿಯಿರುತ್ತದೆ. ಆಗ ‘ಫಂಕ್ಷನ್ ಇಲ್ಲ’ ಎಂಬ ದೋಷ ಬಂದು, ಅದನ್ನು ನಂಬಿದ ಇಂಡೆಕ್ಸ್ ಕಟ್ಟಲಾಗುವುದಿಲ್ಲ.

ಮೂಲ ಫಂಕ್ಷನ್‌ನಲ್ಲೇ ಸ್ಕೀಮಾ ಹೆಸರು ಸೇರಿಸಿ, ಹೊಸ ಬ್ಯಾಕಪ್ ತೆಗೆಯಿರಿ. ಬೇರೊಂದು ಕಂಪ್ಯೂಟರಿನಲ್ಲಿ ತುಂಬಿ ನೋಡಿದ ಮೇಲೆಯೇ ನಿಶ್ಚಿಂತೆ.