ಕಂದು ಬಣ್ಣ ಬಾರದ ಗ್ರಂಥಿ

ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ ರಾಯಚೂರು ಜಿಲ್ಲೆಯ ದಢೇಸುಗೂರಿನ ಹೆಣ್ಣುಮಕ್ಕಳು ‘ಉಷ್ಣ ಆಗೇತಿ’ ಎಂದು ಸುಮ್ಮನಾಗುವುದೇ ಹೆಚ್ಚು. ಭತ್ತದ ನಾಟಿ ಕಾಯುವುದಿಲ್ಲವಲ್ಲ! ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬೇಗ ಕೊಡುವ ಸುಳಿವು ಇದೇ.

ಆ ಪದರದ ಚೂರನ್ನು ತೆಗೆದು, ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ ಬಣ್ಣ ಹಾಕುತ್ತಾರೆ. 1997ರಲ್ಲಿ ಪತ್ತೆಯಾದ ‘ಪಿಟೆನ್’ ಗಡ್ಡೆ ತಡೆಯುವ ಜೀನ್. ಅದರ ಪ್ರೋಟೀನ್ ಇರುವಲ್ಲಿ ಈ ಬಣ್ಣ ಕಂದಾಗಿ ಕೂರುತ್ತದೆ. ಸುತ್ತಲ ಅಂಗಾಂಶ ಕಂದಾಗಿದ್ದು ಗ್ರಂಥಿಗಳ ಒಂದು ಗುಂಪು ಮಾತ್ರ ಬಿಳಚಿಕೊಂಡಿದ್ದರೆ, ಅಲ್ಲಿ ಕಾವಲುಗಾರ ಕಾಣೆ ಎಂದರ್ಥ. ಕ್ಯಾನ್ಸರ್‌ಗೆ ಮೊದಲಿನ ಹಂತವನ್ನು ಗುರುತಿಸಲು ಇದು ನೆರವಾಗುತ್ತದೆ, ಆದರೆ ಇದೊಂದನ್ನೇ ನಂಬುವಂತಿಲ್ಲ. ಸಹಜ ಪದರದಲ್ಲೂ ಪಿಟೆನ್ ಕಳೆದುಕೊಂಡ ಗ್ರಂಥಿಗಳು ಸಿಗುತ್ತವೆ. ಗಡ್ಡೆ ತಡೆಯುವ ಇನ್ನೊಂದು ಪ್ರೋಟೀನ್ ‘ಪಿ53’ರ ಲೆಕ್ಕ ಬೇರೆ: ಬಣ್ಣ ಅತಿಯಾದರೂ ಅನುಮಾನ, ಪೂರ್ತಿ ಇಲ್ಲದಿದ್ದರೂ ಅನುಮಾನ. ಉಗ್ರ ಬಗೆಯ ಗಡ್ಡೆಯನ್ನು ಬೇರ್ಪಡಿಸುವುದು ಇದೇ. 2023ರಲ್ಲಿ ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ ‘ಫಿಗೊ’ ಇದನ್ನು ರೋಗದ ಹಂತ ನಿರ್ಣಯದೊಳಕ್ಕೇ ಸೇರಿಸಿತು.

ನಮ್ಮ ಭಾಗಕ್ಕೆ ಇದು ದೂರದ ಮಾತಲ್ಲ. ಹತ್ತಿರದ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬೇಡದಿದ್ದರೂ ಗರ್ಭಕೋಶ ತೆಗೆಸಿಕೊಂಡ ಮಹಿಳೆಯರು 2017ರಲ್ಲಿ ಬೀದಿಗಿಳಿದಿದ್ದರು. ಚೂರು ಪರೀಕ್ಷೆಗೆ ಹೋಗುವ ಮೊದಲೇ ಅಂಗ ಹೋಗುವ ರೂಢಿ ನಿಲ್ಲಬೇಕು. ಮೊದಲ ಹಂತದಲ್ಲೇ ಸಿಕ್ಕಿದರೆ, ಇನ್ನೂ ಮುಟ್ಟು ನಿಲ್ಲದ, ಮಕ್ಕಳು ಬೇಕೆನ್ನುವ ಕೆಲವರಿಗೆ ಪ್ರೊಜೆಸ್ಟಿರಾನ್ ಹಾರ್ಮೋನ್ ಚಿಕಿತ್ಸೆಯ ದಾರಿಯೂ ಉಂಟು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚೂರು ತೆಗೆದು, ಬಣ್ಣದ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಲಿ. ಪ್ರಯಾಣ ಮಾಡಬೇಕಾದ್ದು ಮೇಣದ ತುಂಡು, ರೋಗಿಯಲ್ಲ.