ನಿಮ್ಮ ಟಾಪ್ ಟೆನ್‌ನಲ್ಲಿ ನೀವು ನೋಡಿರುವುದೆಷ್ಟು?

ನವೆಂಬರ್ ಬಂತೆಂದರೆ ಮಗರಪಟ್ಟಾದ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಜೀವ ಬರುತ್ತದೆ. ‘ನಿಮ್ಮ ಸಾರ್ವಕಾಲಿಕ ಹತ್ತು ಕನ್ನಡ ಸಿನಿಮಾ ಯಾವುವು?’ ಎಂದು ಯಾರೋ ಒಬ್ಬರು ಕಡ್ಡಿ ಗೀರುತ್ತಾರೆ. ಅರ್ಧ ಗಂಟೆಯಲ್ಲಿ ಪಟ್ಟಿಗಳ ಸುರಿಮಳೆ. ಓದಿದರೆ ಎಲ್ಲವೂ ಒಂದೇ ಪಟ್ಟಿ. ಬಂಗಾರದ ಮನುಷ್ಯ, ಕಸ್ತೂರಿ ನಿವಾಸ, ನಾಗರಹಾವು, ಓಂ, ಮುಂಗಾರು ಮಳೆ, ಕೆಜಿಎಫ್, ಕಾಂತಾರ. ತೂಕಕ್ಕಿರಲಿ ಎಂದು ಕೊನೆಯಲ್ಲೊಂದು ಘಟಶ್ರಾದ್ಧ ಅಥವಾ ಸಂಸ್ಕಾರ. ‘ಘಟಶ್ರಾದ್ಧ ಯಾವಾಗ ನೋಡಿದ್ರಿ?’ ಎಂದು ನಾನು ಕೇಳಿದರೆ ಬರುವ ಉತ್ತರ: ‘ಪೂರ್ತಿ ನೋಡಿಲ್ಲ ಸರ್, ಆದ್ರೆ ಕ್ಲಾಸಿಕ್ ಅಲ್ವಾ?’

ನನ್ನ ತಕರಾರು ಇಲ್ಲಿಂದ ಶುರು. ಈ ಪಟ್ಟಿಗಳಲ್ಲಿ ಬಹುಪಾಲು ಸುಳ್ಳು. ಯಾರೂ ಬೇಕೆಂದು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಪಟ್ಟಿಯ ಮೂರನೇ ಒಂದು ಭಾಗ ಬಾಲ್ಯದಲ್ಲಿ ಟಿವಿಯ ಮುಂದೆ ಅಪ್ಪ ಅಮ್ಮನ ಜೊತೆ ಅರೆನಿದ್ದೆಯಲ್ಲಿ ಕಂಡದ್ದು. ಇನ್ನೊಂದು ಭಾಗ ಕಳೆದ ಐದಾರು ವರ್ಷದಲ್ಲಿ ಮೊಬೈಲಿನ ಆ್ಯಪ್ ಕಣ್ಣೆದುರು ತಂದಿಟ್ಟದ್ದು. ಉಳಿದದ್ದು ಬರೀ ಕೇಳಿದ ಹೆಸರು. ಇವುಗಳಿಗೆಲ್ಲ ‘ಸಾರ್ವಕಾಲಿಕ’ ಎಂಬ ಪೇಟ ಸುತ್ತಿ ಮೆರವಣಿಗೆ ಮಾಡುತ್ತೇವೆ. ಕನ್ನಡಕ್ಕೆ 1934ರಿಂದ ವಾಕ್ಚಿತ್ರದ ಇತಿಹಾಸವಿದೆ. ನಮ್ಮ ‘ಸರ್ವಕಾಲ’ವೋ ಬಾಲ್ಯದ ಒಂದಷ್ಟು ಭಾನುವಾರ ಮತ್ತು ಒಂದು ಚಂದಾ ಯೋಜನೆ, ಅಷ್ಟೇ.

‘ಪಟ್ಟಿ ವೈಯಕ್ತಿಕ, ನಿಮಗೇನು ತೊಂದರೆ?’ ಎಂದು ಕೇಳುತ್ತಾರೆ. ತೊಂದರೆ ಇದೆ. ಜನ ಕೇಳದ ಸಿನಿಮಾ ಉಳಿಯುವುದಿಲ್ಲ.

ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನಾ ತಯಾರಾದದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಮುಖ್ಯ ಪಾತ್ರದಲ್ಲಿ. 1934ರ ಮಾರ್ಚ್ 3ರಂದು ತೆರೆಕಂಡಿತು. ನಾವು ಊರಿಗೆ ಹೋಗುವಾಗ ರಾತ್ರಿ ಬಸ್ಸಿನಲ್ಲಿ ಗೊರಕೆ ಹೊಡೆಯುತ್ತಾ ಅದೇ ಕೊಲ್ಹಾಪುರ ದಾಟುತ್ತೇವೆ. ಆ ಸಿನಿಮಾವನ್ನು ಇವತ್ತು ನೀವು ಎಷ್ಟು ಪ್ರೀತಿಸಿದರೂ ಪಟ್ಟಿಗೆ ಸೇರಿಸಲಾರಿರಿ, ಏಕೆಂದರೆ ಅದರ ಒಂದು ಪ್ರತಿಯೂ ಉಳಿದಿಲ್ಲ. ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು. ಉಳಿದಿರುವುದು ಮೂವತ್ತಕ್ಕಿಂತ ಕಡಿಮೆ, ಅವುಗಳಲ್ಲೂ ಹಲವು ತುಂಡುಗಳು. ಎಷ್ಟೋ ರೀಲುಗಳನ್ನು ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದರು. ಓಡಿ ಮುಗಿದ ಸಿನಿಮಾ ಮತ್ತೆ ಯಾರಿಗೂ ಬೇಡ ಎಂದು ಲೆಕ್ಕ ಹಾಕಿದವರಿಗೆ ಬೆಳ್ಳಿಯೇ ಲಾಭ. ನಮ್ಮ ಕಾಲದಲ್ಲಿ ಕರಗಿಸುವ ಶ್ರಮವೂ ಇಲ್ಲ. ಹಕ್ಕಿನ ಒಪ್ಪಂದ ಮುಗಿದರೆ ಸಿನಿಮಾ ಆ್ಯಪಿನಿಂದ ಒಂದು ಬೆಳಗ್ಗೆ ಸದ್ದಿಲ್ಲದೆ ಇಳಿದುಹೋಗುತ್ತದೆ.

ಈಗ ಮಗರಪಟ್ಟಾದವರಿಗೆ ನಾಚಿಕೆಯಾಗಬೇಕಾದ ಸಂಗತಿಗೆ ಬರುತ್ತೇನೆ.

ಇಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಲಾ ಕಾಲೇಜ್ ರಸ್ತೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಅದೇ ರಸ್ತೆಯಲ್ಲಿ, ಪ್ರಭಾತ್ ಕಂಪನಿಯ ಹಳೆಯ ಸ್ಟುಡಿಯೋ ಜಾಗದಲ್ಲಿ, ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. 1974-75ರಲ್ಲಿ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿ, ಮನಸ್ಸು ನಿಲ್ಲದೆ ಪುಣೆಗೆ ಬಂದು ಕಲಿತದ್ದು ಇಲ್ಲೇ. ಓದು ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇರುವ ಎಷ್ಟು ಹುಡುಗ ಹುಡುಗಿಯರು ನಮ್ಮ ಗುಂಪಿನಲ್ಲಿಲ್ಲ! ಅವರ ಮೊದಲ ಕಥಾಚಿತ್ರ ಘಟಶ್ರಾದ್ಧಕ್ಕೆ 1977ರ ಸ್ವರ್ಣಕಮಲ ಬಂತು. ಆಮೇಲೆ ತಬರನ ಕಥೆ, ತಾಯಿ ಸಾಹೇಬ, ದ್ವೀಪ. ಅವಕ್ಕೂ ಸ್ವರ್ಣಕಮಲ.

ಅದೇ ಘಟಶ್ರಾದ್ಧವನ್ನು 47 ವರ್ಷದ ನಂತರ ಪುನರುಜ್ಜೀವನಗೊಳಿಸಿ 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಮಾರ್ಟಿನ್ ಸ್ಕೋರ್ಸೆಸಿಯ ಫಿಲ್ಮ್ ಫೌಂಡೇಶನ್ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿದ ಕೆಲಸ. ಅದಕ್ಕೆ ಆಧಾರವಾದ ಮೂಲ ನೆಗೆಟಿವ್ ಇದ್ದದ್ದು ಇದೇ ಪುಣೆಯ ಸಂಗ್ರಹಾಲಯದಲ್ಲಿ. ಅಮೆರಿಕದಿಂದ, ಇಟಲಿಯಿಂದ ಜನ ಹುಡುಕಿಕೊಂಡು ಬಂದ ನಿಧಿ ನಮ್ಮ ಮನೆಯಿಂದ ಒಂದು ಆಟೋ ದೂರದಲ್ಲಿತ್ತು. ಗುಂಪಿನಲ್ಲಿ ವೆನಿಸ್ ಸುದ್ದಿಯನ್ನು ಹಂಚಿಕೊಂಡು ಚಪ್ಪಾಳೆಯ ಇಮೋಜಿ ಹಾಕಿದವರು ಬಹಳ ಮಂದಿ. ಲಾ ಕಾಲೇಜ್ ರಸ್ತೆಗೆ ಹೋಗಿ ಬರೋಣ ಎಂದವರು ಒಬ್ಬರೂ ಇಲ್ಲ.

ದೂರ, ಟ್ರಾಫಿಕ್, ಆಫೀಸು ಅನ್ನುತ್ತೀರಿ. ಸರಿ, ಹೆಗ್ಗೋಡಿನ ಲೆಕ್ಕ ನೋಡೋಣ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ನೀನಾಸಮ್ ಚಿತ್ರಸಮಾಜ ಕಟ್ಟಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಪ್ರೊಫೆಸರ್ ಸತೀಶ್ ಬಹಾದ್ದೂರ್, ಸಂಗ್ರಹಾಲಯದಿಂದ ಪಿ.ಕೆ. ನಾಯರ್ ಅಲ್ಲಿಗೆ ಹೋಗಿ ಸಿನಿಮಾ ನೋಡುವುದನ್ನು ಕಲಿಸಿದರು. ಪುಣೆಯ ಪೆಟ್ಟಿಗೆಗಳಲ್ಲಿ 16 ಎಂಎಂ ಪ್ರತಿಗಳು ಮಲೆನಾಡಿಗೆ ಹೋದವು. ಅಡಿಕೆ ಕೊಯ್ಲು ಮುಗಿಸಿ ಬಂದ ರೈತರು ಪಥೇರ್ ಪಾಂಚಾಲಿ, ರಾಶೊಮಾನ್, ಬೈಸಿಕಲ್ ಥೀವ್ಸ್ ನೋಡಿದರು. ನಾಯರ್ ಅವರ ಬಗ್ಗೆ 2012ರಲ್ಲಿ ಬಂದ ಸೆಲ್ಯುಲಾಯ್ಡ್ ಮ್ಯಾನ್ ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆ ಸಿನಿಮಾಗಳ ಬಗ್ಗೆ ಮಾತಾಡುತ್ತಾರೆ. ನೆಂಟರ ಮನೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಮಾತಾಡುತ್ತಾರೆ. ಹೆಗ್ಗೋಡಿಗೆ ಪುಣೆ ಹತ್ತಿರವಾಯಿತು. ಮಗರಪಟ್ಟಾಕ್ಕೆ ಆಗಲಿಲ್ಲ.

ಗುಂಪಿನ ಇನ್ನೊಂದು ಖಾಯಂ ರಾಗ: ‘ಕನ್ನಡದಲ್ಲಿ ಏನಿದೆ ಸರ್? ಮಲಯಾಳಿಗಳನ್ನ ನೋಡಿ ಕಲೀಬೇಕು.’ ಕಲಿಯೋಣ. ಆದರೆ ಏನನ್ನು? ಅಡೂರ್ ಗೋಪಾಲಕೃಷ್ಣನ್ ಪುಣೆಯಲ್ಲಿ ಕಲಿತು ಊರಿಗೆ ಹೋಗಿ, 1965ರಲ್ಲಿ ಗೆಳೆಯರೊಂದಿಗೆ ಚಿತ್ರಲೇಖಾ ಫಿಲ್ಮ್ ಸೊಸೈಟಿ ಶುರುಮಾಡಿದರು. ಅವರು ತಮ್ಮ ಮೊದಲ ಕಥಾಚಿತ್ರ ಸ್ವಯಂವರಂ ಮಾಡಿದ್ದು 1972ರಲ್ಲಿ. ಮೊದಲು ನೋಡುಗರು, ಆಮೇಲೆ ಸಿನಿಮಾ. ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಗೆಳೆಯರು ಊರೂರು ತಿರುಗಿ ಜನರಿಂದ ಹಣ ಕೂಡಿಸಿ 1986ರಲ್ಲಿ ಅಮ್ಮ ಅರಿಯಾನ್ ಮಾಡಿದರು. ಮಲಯಾಳಿಗಳ ಸಿನಿಮಾ ಚೆನ್ನಾಗಿರುವುದರ ಹಿಂದೆ ದಶಕಗಳ ಕಾಲ ಕೂತು ನೋಡಿದವರ ಶ್ರಮವಿದೆ. ಅದನ್ನು ಬಿಟ್ಟು ಈಗಿನ ಹಿಟ್ ಸಿನಿಮಾಗಳ ಪಟ್ಟಿ ಹಿಡಿದು ಕನ್ನಡವನ್ನು ಮೂದಲಿಸುವುದು ಪಕ್ಕದ ಮನೆಯ ಹೋಳಿಗೆ ತಿಂದು ನಮ್ಮನೆ ಒಲೆಯನ್ನು ಬೈದಂತೆ.

ಪಟ್ಟಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಪಟ್ಟಿಗೆ ಶಕ್ತಿಯಿದೆ. ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತಾ ಬಂದಿದೆ. ಝಾನ್ ರೆನ್ವಾರ ದಿ ರೂಲ್ಸ್ ಆಫ್ ದಿ ಗೇಮ್ 1939ರಲ್ಲಿ ಬಂದಾಗ ಜನ ಉಗಿದರು. ಯುದ್ಧದಲ್ಲಿ ಮೂಲ ನೆಗೆಟಿವ್ ನಾಶವಾಯಿತು. ಸಿಕ್ಕ ತುಣುಕುಗಳನ್ನೆಲ್ಲ ಕೂಡಿಸಿ 1959ರಲ್ಲಿ ಮತ್ತೆ ಕಟ್ಟಿದರು. 1952ರಲ್ಲಿ ಹತ್ತನೇ ಸ್ಥಾನದಲ್ಲಿದ್ದ ಸಿನಿಮಾ 1962ಕ್ಕೆ ಮೂರನೆಯದಾಯಿತು. ಷಾಂತಾಲ್ ಅಕರ್ಮನ್ ಅವರ 1975ರ ಝಾನ್ ಡೀಲ್ಮನ್ 2022ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಜನ ಮತ್ತೆ ಮತ್ತೆ ನೋಡಿದ್ದರಿಂದ ಪಟ್ಟಿ ಬದಲಾಯಿತು. ನಮ್ಮ ಪಟ್ಟಿ ವರ್ಷ ವರ್ಷವೂ ಅದೇ ಇದೆ ಎಂದರೆ ನಾವು ನೋಡುವುದನ್ನೇ ನಿಲ್ಲಿಸಿದ್ದೇವೆ ಎಂದರ್ಥ.

ಹಾಗಾಗಿ ನನ್ನದೊಂದು ನಿಯಮ. ಊರು ಬಿಟ್ಟ ಮೇಲೆ, ದೊಡ್ಡವನಾದ ಮೇಲೆ, ಮೊದಲಿಂದ ಕೊನೆಯವರೆಗೆ ಎರಡು ಸಲ ನೋಡದ ಸಿನಿಮಾಕ್ಕೆ ನನ್ನ ಪಟ್ಟಿಯಲ್ಲಿ ಜಾಗವಿಲ್ಲ. ಈ ಜರಡಿಯಲ್ಲಿ ಹತ್ತು ಉಳಿಯಲಿಲ್ಲ, ಏಳು ಉಳಿದವು.

ಘಟಶ್ರಾದ್ಧ ಮೊದಲನೆಯದು. ಅನಂತಮೂರ್ತಿಯವರ ಕತೆ. ಎಲ್ಲರೂ ಅದನ್ನು ವಿಧವೆ ಯಮುನಕ್ಕನ ಕತೆ ಎನ್ನುತ್ತಾರೆ, ಸರಿಯೇ. ಆದರೆ ನೋಡುವ ಕಣ್ಣು ನಾಣಿಯದು. ಓದಲೆಂದು ಮನೆ ಬಿಟ್ಟು ಬಂದ, ಯಾರದೋ ಮನೆಯಲ್ಲಿ ಉಳಿದ ಹುಡುಗ. ಅವನಿಗೆ ಅಲ್ಲಿ ಅಕ್ಕರೆ ತೋರಿದವಳನ್ನು ಊರು ಹೊರಹಾಕುತ್ತದೆ. ಅವನು ಅಪ್ಪನ ಜೊತೆ ಹೊರಟುಹೋಗಬೇಕು, ತಲೆ ಬೋಳಿಸಿದ ಅವಳು ಅಲ್ಲೇ ಕೂತಿರಬೇಕು. ಹಾಸ್ಟೆಲು, ಪಿಜಿಗಳಲ್ಲಿ ಬೆಳೆದ ನಮಗೆ ಇದು ಪಠ್ಯಪುಸ್ತಕದ ಸಿನಿಮಾ ಹೇಗಾದೀತು?

ತಬರನ ಕಥೆ, ತೇಜಸ್ವಿಯವರದು. ಪಿಂಚಣಿಗಾಗಿ ಕಚೇರಿಯ ಮೆಟ್ಟಿಲು ಸವೆಸುವ ತಬರ, ಸಕ್ಕರೆ ಕಾಯಿಲೆಯಲ್ಲಿ ಕಾಲು ಕೊಳೆಯುತ್ತಿರುವ ಹೆಂಡತಿ ಅಪ್ಪಿ. ಚಾರುಹಾಸನ್ ಅವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಊರಲ್ಲಿರುವ ಅಪ್ಪನ ಫೋನು ಬಂದಾಗ ‘ಆನ್‌ಲೈನ್ ಮಾಡಿಸಪ್ಪ, ಆಗುತ್ತೆ’ ಎಂದು ಹೇಳಿ ಮೀಟಿಂಗಿಗೆ ಓಡುವ ಎಲ್ಲರೂ ನೋಡಲೇಬೇಕು.

ಶರಪಂಜರ (1971). ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ, ಕಲ್ಪನಾ. ಹೆರಿಗೆಯ ನಂತರ ಮನಸ್ಸು ಕದಡಿ, ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮತ್ತೆ ಹುಚ್ಚಿಯನ್ನಾಗಿಸುವುದು ಸುತ್ತಲಿನ ‘ಒಳ್ಳೆಯ’ ಜನ. ಕಲ್ಪನಾ ಸೀರೆ, ಕಲ್ಪನಾ ಜಡೆ ಎಂದು ರೀಲ್ಸ್ ಮಾಡುವವರು ಎರಡನೇ ಅರ್ಧ ನೋಡಿದ್ದಾರೋ ಇಲ್ಲವೋ.

ಭೂತಯ್ಯನ ಮಗ ಅಯ್ಯು (1974). ಗೊರೂರರ ಕತೆ, ಸಿದ್ದಲಿಂಗಯ್ಯ. ದ್ವೇಷ ಒಂದು ಊರನ್ನು ಹೇಗೆ ಸುಡುತ್ತದೆ ಎಂದು ಇಷ್ಟು ಹತ್ತಿರದಿಂದ ತೋರಿಸಿದ ಜನಪ್ರಿಯ ಸಿನಿಮಾ ಕನ್ನಡದಲ್ಲಿ ಇನ್ನೊಂದನ್ನು ನಾನು ನೋಡಿಲ್ಲ. ಅದೇ ಸಿದ್ದಲಿಂಗಯ್ಯನವರ ಬಂಗಾರದ ಮನುಷ್ಯ ಏಕಿಲ್ಲ ಎಂದು ಜಗಳಕ್ಕೆ ಬರುವವರಿಗೆ ಒಂದು ಮಾತು. ಅದು ಕೆಟ್ಟ ಸಿನಿಮಾ ಅಲ್ಲ, ನಾವು ನೋಡುವ ರೀತಿ ಕೆಟ್ಟದ್ದು. ಬೆವರು ಹರಿಸಿ ಮನೆ ಎತ್ತಿದವನನ್ನು ಸ್ವಂತ ಅಕ್ಕನ ಮಗನೇ ಚುಚ್ಚಿ ಮಾತಾಡಿ, ಅವನು ಉಣ್ಣುವ ಎಲೆ ಬಿಟ್ಟು ಎದ್ದುಹೋಗುವ ಕತೆಯದು. ನಾವು ಅದನ್ನು ಹಾಡು ಮತ್ತು ‘ರೈತ ದೇಶದ ಬೆನ್ನೆಲುಬು’ ಸ್ಟೇಟಸ್ಸಿಗೆ ಇಳಿಸಿದ್ದೇವೆ.

ತಿಥಿ. 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಪಡೆದ ರಾಮ್ ರೆಡ್ಡಿ ಸಿನಿಮಾ. ಮಂಡ್ಯ ಸೀಮೆಯ ಹಳ್ಳಿಗರೇ ನಟರು. ಸೆಂಚುರಿ ಗೌಡ ಸತ್ತೊಡನೆ ಮೊಮ್ಮಗ ತಮ್ಮಣ್ಣನ ಕಣ್ಣು ಐದೆಕರೆ ಜಮೀನಿನ ಮೇಲೆ. ಅವನಪ್ಪ ಗಡ್ಡಪ್ಪನಿಗೆ ಜಮೀನೂ ಬೇಡ, ಮಾತೂ ಬೇಡ. ನಾವು ಬಾಡಿಗೆಗಿರುವ ಈ ಮಗರಪಟ್ಟಾ ಕೂಡ ಹೊಲವಾಗಿತ್ತು. ನೂರಕ್ಕೂ ಹೆಚ್ಚು ರೈತ ಕುಟುಂಬಗಳು ನಾನೂರು ಎಕರೆಗೂ ಮೀರಿದ ನೆಲವನ್ನು ಬಿಲ್ಡರಿಗೆ ಮಾರದೆ ಒಟ್ಟುಗೂಡಿಸಿ ತಾವೇ ಪಾಲುದಾರರಾಗಿ ಈ ಟೌನ್‌ಶಿಪ್ ಕಟ್ಟಿದರು. ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಕೂತು ತಿಥಿ ನೋಡಿ. ತಮ್ಮಣ್ಣನನ್ನು ನೋಡಿ ನಗುವುದು ಅಷ್ಟು ಸುಲಭವಾಗುವುದಿಲ್ಲ.

ಉಳಿದವರು ಕಂಡಂತೆ (2014). ಥಿಯೇಟರಿನಲ್ಲಿ ಸೋತು, ಮನೆಮನೆಯಲ್ಲಿ ಮತ್ತೆ ನೋಡಿದವರಿಂದ ಬದುಕಿದ ಸಿನಿಮಾ. ನೋಡುಗರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲದ ಸಾಕ್ಷಿ.

ಏಳನೆಯದು ಸಂತ ತುಕಾರಾಮ್ (1936), ಪ್ರಭಾತ್‌ನವರ ಮರಾಠಿ ಚಿತ್ರ. ಕನ್ನಡಿಗನ ಪಟ್ಟಿಯಲ್ಲಿ ಮರಾಠಿಯೇಕೆ? ಇದ್ದ ಊರಿನ ಅನ್ನ ಉಂಡು ಇದ್ದ ಊರಿನ ಸಿನಿಮಾ ನೋಡದವನು ಯಾವ ಬಾಯಲ್ಲಿ ಬೆಂಗಳೂರಿಗೆ ಬಂದವರಿಗೆ ‘ಕನ್ನಡ ಕಲಿಯಿರಿ’ ಎನ್ನುತ್ತಾನೆ?

ನಿಮ್ಮ ಏಳು ಬೇರೆ ಇರಬಹುದು, ಇರಲೇಬೇಕು. ಜಗಳವಾಡೋಣ. ಆದರೆ ನೋಡಿದವರ ಜಗಳವಾಗಲಿ. ಹೊಸ ಕನ್ನಡ ಸಿನಿಮಾಕ್ಕೆ ಇಲ್ಲಿನ ಮಲ್ಟಿಪ್ಲೆಕ್ಸಿನಲ್ಲಿ ಕೊಡುವುದು ಭಾನುವಾರ ಬೆಳಗಿನ ಒಂದು ಆಟ, ಅದೂ ಜನವಿಲ್ಲವೆಂದು ರದ್ದಾಗುತ್ತದೆ ಎಂದು ಗೋಳಾಡುತ್ತೇವೆ. ನಮ್ಮ ಗುಂಪಿನಲ್ಲೇ ಇನ್ನೂರಕ್ಕೂ ಹೆಚ್ಚು ಜನರಿದ್ದೇವೆ. ರಾಜ್ಯೋತ್ಸವದ ಊಟಕ್ಕೆ ಎಲ್ಲರೂ ಹಣ ಹಾಕುತ್ತೇವೆ. ಅದರ ಕಾಲುಭಾಗದಲ್ಲಿ ಟೌನ್‌ಶಿಪ್ಪಿನ ಒಂದು ಹಾಲು, ಒಂದು ಪ್ರೊಜೆಕ್ಟರು, ಹಕ್ಕುದಾರರ ಅನುಮತಿ ಪಡೆದ ಒಂದು ಸಿನಿಮಾ, ತಿಂಗಳಿಗೊಂದು ಸಂಜೆ ಸಾಧ್ಯ. ನೋಡಿದ ಮೇಲೆ ಅರ್ಧ ಗಂಟೆ ಮಾತು. ವರ್ಷಕ್ಕೊಮ್ಮೆಯಾದರೂ ಐವತ್ತು ಜನ ಸಹಿ ಹಾಕಿ, ಸಂಗ್ರಹಾಲಯಕ್ಕೆ ಒಂದು ಪತ್ರ: ನಿಮ್ಮಲ್ಲಿರುವ ಕನ್ನಡ ಚಿತ್ರಗಳನ್ನು ನಿಮ್ಮ ಥಿಯೇಟರಿನಲ್ಲಿ ತೋರಿಸಿ, ನಾವು ಬರುತ್ತೇವೆ.

ಈ ವರ್ಷ ಗುಂಪಿನಲ್ಲಿ ಮತ್ತೆ ಅದೇ ಪ್ರಶ್ನೆ ಬಂದರೆ ದಯವಿಟ್ಟು ಹತ್ತು ಹೆಸರು ಬರೆಯಬೇಡಿ. ಒಂದೇ ಹೆಸರು ಬರೆಯಿರಿ. ಅದನ್ನು ಕೊನೆಯ ಸಲ ಯಾವಾಗ ನೋಡಿದಿರಿ, ಮುಂದಿನ ಸಲ ಯಾರ ಜೊತೆ ನೋಡುತ್ತೀರಿ ಎಂಬುದನ್ನೂ ಜೊತೆಗೆ ಬರೆಯಿರಿ.