ಮಾವನವರ ಕ್ಲಾರಿನೆಟ್ ಮೋಡಕಾಕ್ಕ ಹಾಕಬ್ಯಾಡ್ರಿ

ಅಕ್ಕಾರ, ತಂಗ್ಯಾರ, ದೀಪಾವಳಿಗೆ ಅಟ್ಟ ಝಾಡಿಸುವಾಗ ಬ್ಯಾಂಡಿನಾಗ ಊದಿದ ಹಿರ್ಯಾರ ಮನಿಯೊಳಗ ಒಂದು ಹಳೇ ಪೆಟ್ಟಿಗಿ ಸಿಗತೈತಿ. ಒಳಗ ಕ್ಲಾರಿನೆಟ್. ಲಗ್ನಕ್ಕ ಡಿಜೆ ಬಂದ ಮ್ಯಾಲೆ ಅದನ್ನ ಕೇಳವ್ರ ಇಲ್ಲ, ಮೋಡಕಾದಾಂವಗ ಕೊಟ್ಟುಬಿಡು ಅಂತಾರ ಗಂಡಸರು. ನಾ ಒಪ್ಪಂಗಿಲ್ಲ.

ನಮ್ಮ ಬೀಳಗಿಯ ಸನಾದಿ ಅಪ್ಪಣ್ಣನವರ ಹೆಸರಿಲೆ 1977ರಾಗ ಸಿನಿಮಾ ಬಂತು, ಬಿಸ್ಮಿಲ್ಲಾ ಖಾನ್ ಸಾಹೇಬ್ರು ಅದಕ್ಕ ಶಹನಾಯಿ ಊದಿದ್ರು. ಸನಾದಿಗೆ ಅಷ್ಟು ಮರ್ಯಾದಿ ಕೊಟ್ಟ ಸೀಮ್ಯಾಗ ಕ್ಲಾರಿನೆಟ್ಟಿಗೆ ಮೋಡಕಾ ತಕ್ಕಡಿ ಯಾಕ್ರಿ?

ಕೊಡೂಕಿಂತ ಮೊದಲ ತುದಿಗಿರೋ ಮೌತ್‌ಪೀಸ್ ನೋಡ್ರಿ. ದನಿ ಹುಟ್ಟೂದು ಅಲ್ಲೇ. ಬಿಸಲಿಗೆ ಕಂದು ಇಲ್ಲಾ ಹಸರು ಬಣ್ಣ ತಿರುಗಿದ್ರ, ತಿಕ್ಕಿದಾಗ ಗಂಧಕದ ವಾಸನಿ ಬಂದ್ರ, ಅದು ಎಬೊನೈಟ್, ಅಂದ್ರ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರ್. ಪ್ಲಾಸ್ಟಿಕ್ಕಿಗೆ ಆ ವಾಸನಿ ಇರಂಗಿಲ್ಲ. ಮೈಮ್ಯಾಲೆ ವ್ಯಾಂಡೋರೆನ್, ಸೆಲ್ಮರ್ ಅಂತ ಕೆತ್ತಿದ್ರ ಅವು ಪ್ಯಾರಿಸ್ಸಿನ ಕಂಪನಿಗಳು. ಆದ್ರ ಬರೀ ಹೆಸರಿಗೆ ಮರುಳಾಗಬ್ಯಾಡ್ರಿ. ತುದಿ ಮುಕ್ಕಾಗಿದ್ರ, ರೀಡ್ ಕೂಡೋ ಜಾಗ ಸೊಟ್ಟಾಗಿದ್ರ ಎಂಥಾ ಹೆಸರಿದ್ರೂ ದನಿ ಸರಿ ಬರಂಗಿಲ್ಲ. ಮ್ಯಾಲಿನ ಹಲ್ಲಿನ ಗುರುತಿಗೆ ಮಾತ್ರ ಅಂಜಬ್ಯಾಡ್ರಿ, ಅದು ಊದಿದವರ ದುಡಿಮಿ.

ಭಾಂಡೆ ತಿಕ್ಕಿದಂಗ ಹುಣಸಿಹಣ್ಣು, ಬೂದಿ ಹಚ್ಚಬ್ಯಾಡ್ರಿ. ಕುದಿಯೋ ನೀರಂತೂ ಬ್ಯಾಡೇ ಬ್ಯಾಡ, ಬಣ್ಣ ಇನ್ನೂ ಕೆಡತೈತಿ, ಆಕಾರಾನೂ ತಿರುಚತೈತಿ. ತಣ್ಣೀರು, ಒಂದು ಹನಿ ಸೋಪು, ಮೆತ್ತನ್ನ ಅರಿವಿ ಸಾಕು.

ರೀಡ್ ಮಾತ್ರ ಹೊಸಾದು ತರ್ರಿ, ಒಬ್ಬರದ್ದು ಇನ್ನೊಬ್ಬರು ಬಾಯಾಗ ಇಡಬಾರದು. ರೀಡಿಗೂ ಮೌತ್‌ಪೀಸಿನ ತುದಿಗೂ ನಡುವಿನ ಸಂದಿ ಸುಮಾರು 1 ಮಿಲಿಮೀಟರ್ ಇರತೈತಿ. ಸಂದಿ ದೊಡ್ಡದಿದ್ರ ಮೆತ್ತನ್ನ ರೀಡ್, ಸಣ್ಣದಿದ್ರ ಬಿರುಸು ರೀಡ್ ಹೊಂದತೈತಿ. ರೀಡ್ ತೋಯಿಸಿ, ತುದಿಗೆ ತುದಿ ಸಮ ಕೂಡಿಸಿ, ಮ್ಯಾಲಿನ ಹಲ್ಲು ಮೌತ್‌ಪೀಸಿನ ಮ್ಯಾಲೆ, ಕೆಳಗಿನ ತುಟಿ ಹಲ್ಲಿನ ಮ್ಯಾಲೆ ಮಡಚಿ ಊದಬೇಕು. ಮೊದಲು ಮೌತ್‌ಪೀಸ್ ಒಂದನ್ನೇ ಊದಿಸಿ ನೋಡ್ರಿ, ದನಿ ಬಂತಂದ್ರ ಉಳಿದದ್ದು ರಿಪೇರಿ ಮಾತು.

ಶೋಕೇಸಿನಾಗ ಇಟ್ಟು ಹೂವಿನ ಮಾಲಿ ಹಾಕೂದೂ ನನಗ ಸರಿ ಅನಸಂಗಿಲ್ಲ. ಊರಾಗ ಊದಾಕ ಬರೋ ಹಿರ್ಯಾರು ಇನ್ನೂ ಅದಾರ. ಅವರ ಹತ್ರ ಮೊಮ್ಮಕ್ಕಳನ್ನ ಕಳಸ್ರಿ, ಮೊಮ್ಮಗಳನ್ನೂ. ಹುಡುಗ್ಯಾರು ಊದಬಾರದು ಅಂತ ಎಲ್ಲೂ ಬರದಿಲ್ಲ. ಉಸರು ಎಲ್ಲಾರದೂ ಒಂದೇ.